ಅದ್ಭುತದ ಆಟ ಮತ್ತು ವಾಸ್ತವದ ಋಣ: ದೊಡ್ಡಾಟದ ಸಾರಥಿಯಿಂದ ಮೇಜಿನ ಆಟದ ನಿರ್ವಾಹಕನವರೆಗೆ

ಕನ್ನಡ ಸಾಹಿತ್ಯ ವಿಮರ್ಶೆಯಲ್ಲಿ 'ವಾಸ್ತವ' ಎಂಬ ಪದಕ್ಕೆ ದೀರ್ಘವಾದ ಚರಿತ್ರೆಯಿದೆ. ಪ್ರಗತಿಶೀಲರು ಅದನ್ನು ಸಮಾಜದ ಹಸಿವು, ಶೋಷಣೆಗಳ ಚಿತ್ರಣವೆಂದು ತಿಳಿದರು. ನವ್ಯರು ಅದನ್ನು ವ್ಯಕ್ತಿಯ ಒಳಲೋಕದ ಪ್ರಾಮಾಣಿಕತೆಯಲ್ಲಿ ಹುಡುಕಿದರು. ದಲಿತ-ಬಂಡಾಯದ ಲೇಖಕರು ಅನುಭವದ ಅಧಿಕೃತತೆಯ ಪ್ರಶ್ನೆಯೊಂದಿಗೆ ಅದನ್ನು ಜೋಡಿಸಿದರು. ಈ ನಿಲುವುಗಳ ನಡುವೆ ಎಷ್ಟೇ ಭಿನ್ನಾಭಿಪ್ರಾಯಗಳಿದ್ದರೂ ಒಂದು ಗೃಹೀತ ಮಾತ್ರ ಸಮಾನವಾಗಿ ಉಳಿಯಿತು: ವಾಸ್ತವದ ಚರ್ಚೆ ಕಾದಂಬರಿ, ಸಣ್ಣಕತೆ ಮತ್ತು ಆಧುನಿಕ ನಾಟಕಕ್ಕೆ ಸಂಬಂಧಿಸಿದ್ದು, ರಕ್ಕಸರು, ಗಂಧರ್ವರು, ಶಾಪ-ವರಗಳು ಬರುವ ಕಥನಪ್ರಕಾರಗಳಿಗೆ ಆ ಪ್ರಶ್ನೆ ಅನ್ವಯಿಸದು. ಆಟಗಳ ವಿಚಾರವಂತೂ ಇನ್ನೂ ಬೇರೆ. ಜನಪದ ಕ್ರೀಡೆಗಳ ಸಂಗ್ರಹಗಳಲ್ಲಿ ಅವು ಬಹುಮಟ್ಟಿಗೆ ನಿಯಮಗಳ ಪಟ್ಟಿಯಾಗಿ ದಾಖಲಾದವೇ ಹೊರತು ಕಥನವಾಗಿ ಅಲ್ಲ.

ಈ ಗೃಹೀತವನ್ನು ಮರುಪರಿಶೀಲಿಸಲು ಎರಡು ಪ್ರಕಾರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಫಲಕಾರಿಯಾದೀತು. ಒಂದು, ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ ಇಂದು ಜಗತ್ತಿನ ಹಲವೆಡೆ ಹರಡಿರುವ, ರೋಲ್‌ಪ್ಲೇಯಿಂಗ್ ಎಂದು ಹೆಸರಾದ ಮೇಜಿನ ಪಾತ್ರಧಾರಣೆಯ ಆಟ. ಇನ್ನೊಂದು, ಬಳ್ಳಾರಿ ಸೀಮೆಯ ದೊಡ್ಡಾಟ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರುವ ಇವೆರಡೂ ಒಂದೇ ಪ್ರಶ್ನೆಯನ್ನು ಎದುರಿಸುತ್ತವೆ. ಅದ್ಭುತವನ್ನು ಆಡಿ ತೋರಿಸುವವರು ವಾಸ್ತವಕ್ಕೆ ಎಷ್ಟು ಋಣಿಗಳಾಗಿರಬೇಕು?

ನೀಲಗುಂದದ ಗೋಡೆ

ಹರಪನಹಳ್ಳಿ ತಾಲ್ಲೂಕಿನ ನೀಲಗುಂದ ತನ್ನ ಭೀಮೇಶ್ವರ ದೇವಾಲಯದ ಮೂಲಕ ವಾಸ್ತುಶಿಲ್ಪದ ಅಭ್ಯಾಸಿಗಳಿಗೆ ಪರಿಚಿತವಾದ ಊರು. ಆಡಳಿತದ ನಕ್ಷೆಯಲ್ಲಿ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಗಿದೆ. ಜಿಲ್ಲೆಗಳ ಹೆಸರು ಬದಲಾದರೂ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳು ಸೇರಿ ಆಗುವ ಸಾಂಸ್ಕೃತಿಕ ಸೀಮೆ ಬದಲಾಗಿಲ್ಲ.

ಭೀಮೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯ ಪರಂಪರೆಗೆ ಸೇರಿದ್ದು. ಈ ಪರಂಪರೆಯ ದೇಗುಲಗಳ ಹೊರಗೋಡೆಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಗೋಡೆಯ ಅರೆಗಂಬಗಳ ಮೇಲೆ ಶಿಲ್ಪಿಗಳು ಪುಟ್ಟ ಪುಟ್ಟ ಶಿಖರಗಳನ್ನು ಕಡೆಯುತ್ತಾರೆ. ದೇಗುಲದ ಮೈಮೇಲೆ ದೇಗುಲಗಳೇ ಅಲಂಕಾರವಾಗುತ್ತವೆ. ಅಂಥ ಶಿಖರದ ಕೆಳಗೆ ಗರ್ಭಗುಡಿಯಿಲ್ಲ, ಅದರೊಳಗೆ ಯಾರೂ ಪ್ರವೇಶಿಸಲಾರರು. ಆದರೂ ಅದು ಮನಬಂದಂತೆ ಕೆತ್ತಿದ ಬಳ್ಳಿಯಲ್ಲ. ತಳವಿದ್ದಲ್ಲಿ ತಳ, ಅಂತಸ್ತಿದ್ದಲ್ಲಿ ಅಂತಸ್ತು, ಕಲಶವಿದ್ದಲ್ಲಿ ಕಲಶ. ಶಿಲ್ಪಿ ಅಳತೆಯನ್ನು ಬಿಟ್ಟುಕೊಟ್ಟಿದ್ದಾನೆ, ಉಪಯೋಗವನ್ನು ಬಿಟ್ಟುಕೊಟ್ಟಿದ್ದಾನೆ, ಕ್ರಮವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಅದ್ಭುತದ ಆಟಗಳಲ್ಲಿ ವಾಸ್ತವದ ಸ್ಥಾನವೂ ಇಂಥದೇ. ಹೊರಗಿನ ಲೋಕವನ್ನು ಹೋಲಬೇಕೆಂಬ ಹಂಗು ಆ ಆಟಗಳಿಗಿಲ್ಲ. ಕ್ರಮವನ್ನು ಉಳಿಸಿಕೊಳ್ಳಬೇಕೆಂಬ ಹಂಗು ಇದೆ. ಈ ಎರಡು ಹಂಗುಗಳನ್ನು ಒಂದೆಂದು ಭಾವಿಸಿದ್ದರಿಂದಲೇ ಅನೇಕ ಗೊಂದಲಗಳು ಹುಟ್ಟಿವೆ.

ಮೇಜಿನ ಆಟ ಮತ್ತು ಅದರ ಒಳಜಗಳ

ಪಾತ್ರಧಾರಣೆಯ ಆಟದ ಸ್ವರೂಪವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬೊಬ್ಬರು ಒಂದೊಂದು ಕಲ್ಪಿತ ಪಾತ್ರವನ್ನು ವಹಿಸಿಕೊಳ್ಳುತ್ತಾರೆ: ಯೋಧ, ಮಂತ್ರವಾದಿ, ಕಳ್ಳ, ಪೂಜಾರಿ. ಆಟದ ನಿರ್ವಾಹಕನು ಅವರ ಮುಂದೆ ಒಂದು ಸನ್ನಿವೇಶವನ್ನು ಮಾತಿನಲ್ಲಿ ಕಟ್ಟುತ್ತಾನೆ. 'ಈಗ ಏನು ಮಾಡುವಿರಿ?' ಎಂಬುದೇ ಅವನ ನಿರಂತರ ಪ್ರಶ್ನೆ. ಆಟಗಾರರು ಹೇಳಿದ್ದು ಸಾಧ್ಯವೇ ಎಂಬುದು ಸಂದೇಹವಾದಾಗ ದಾಳ ಉರುಳುತ್ತದೆ. ಮೊದಲೇ ಬರೆದಿಟ್ಟ ಪಠ್ಯವಿಲ್ಲ, ಪ್ರೇಕ್ಷಕರಿಲ್ಲ, ಆಡುವವರೇ ಕೇಳುವವರು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾದದ್ದು ಈ ಪ್ರಕಾರದ ಆರಂಭವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅದರ ಬೇರು ಇನ್ನೂ ಹಿಂದಕ್ಕೆ, ಪ್ರಷ್ಯದ ಸೇನಾಧಿಕಾರಿಗಳ ತರಬೇತಿಗಾಗಿ 1824ರಲ್ಲಿ ರೈಸ್ವಿಟ್ಸ್ ಸಿದ್ಧಪಡಿಸಿದ ಯುದ್ಧದ ಆಟದವರೆಗೆ ಹೋಗುತ್ತದೆ. ಈ ವಂಶಾವಳಿ ಗಮನಾರ್ಹ. ನಿಜವಾದ ಯುದ್ಧವನ್ನು ಅಣಕುಮಾಡಲು ಹುಟ್ಟಿದ ಯಂತ್ರವೊಂದರೊಳಗೆ ಡ್ರ್ಯಾಗನ್ನು, ಮಾಟ-ಮಂತ್ರಗಳು ಪ್ರವೇಶಿಸಿದವು. ಆದ್ದರಿಂದ ವಾಸ್ತವ ಮತ್ತು ಅದ್ಭುತಗಳ ಜಗಳ ಈ ಆಟಕ್ಕೆ ಹುಟ್ಟಿನಿಂದಲೇ ಬಂದದ್ದು.

ಜಗಳದ ಕೆಲವು ನಿದರ್ಶನಗಳನ್ನು ನೋಡಬಹುದು. ಮೊದಲ ಆವೃತ್ತಿಯಲ್ಲಿಯೇ ಪಾತ್ರವೊಂದು ಎಷ್ಟು ಭಾರ ಹೊರಬಲ್ಲದೆಂಬುದಕ್ಕೆ ಲೆಕ್ಕವಿತ್ತು. ಅದನ್ನು ಚಿನ್ನದ ನಾಣ್ಯಗಳ ತೂಕದಲ್ಲಿ ಅಳೆಯಲಾಗುತ್ತಿತ್ತು. ಅದೇ ಆಟದಲ್ಲಿ ಗಾಯದ ಲೆಕ್ಕ ಮಾತ್ರ ಒಂದೇ ಸಂಖ್ಯೆಯಲ್ಲಿ ಅಡಗಿತ್ತು. ಆ ಸಂಖ್ಯೆ ಒಂದಕ್ಕೆ ಇಳಿದ ಯೋಧನೂ ಅಕ್ಷತನಾದ ಯೋಧನಷ್ಟೇ ಚೆನ್ನಾಗಿ ಕತ್ತಿ ಬೀಸುತ್ತಿದ್ದ. ಇದರಿಂದ ತೃಪ್ತರಾಗದವರು ಬೇರೆ ಆಟಗಳನ್ನು ರಚಿಸಿದರು. 1978ರ 'ರೂನ್‌ಕ್ವೆಸ್ಟ್'ನಲ್ಲಿ ತಲೆ, ತೋಳು, ಕಾಲು ಹೀಗೆ ಅಂಗಾಂಗಗಳಿಗೆ ಬೇರೆ ಬೇರೆ ಗಾಯದ ಲೆಕ್ಕ ಬಂತು. 1985ರ 'ಪೆಂಡ್ರಾಗನ್' ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ಸಾಹಸವೊಂದು ಮುಗಿದರೆ ವರ್ಷವೊಂದು ಕಳೆಯುತ್ತದೆ; ಯೋಧ ಮುಪ್ಪಾಗುತ್ತಾನೆ, ಅವನ ಮಗ ಆಟವನ್ನು ಮುಂದುವರಿಸುತ್ತಾನೆ.

ಮೇಲ್ನೋಟಕ್ಕೆ ಇವೆಲ್ಲ 'ವಾಸ್ತವ'ದ ಹೆಚ್ಚಳದಂತೆ ತೋರಿದರೂ ಇವು ಒಂದೇ ಜಾತಿಯವಲ್ಲ. ನಾಣ್ಯದ ತೂಕ ಹೋಲಿಕೆಯ ವಾಸ್ತವ. ಹೊರಲೋಕದಲ್ಲಿ ಭಾರವಿದೆ, ಆದ್ದರಿಂದ ಆಟದಲ್ಲಿಯೂ ಭಾರವಿರಬೇಕೆಂಬುದು ಅದರ ತರ್ಕ. ಯೋಧ ಮುಪ್ಪಾಗುವುದು ಪರಿಣಾಮದ ವಾಸ್ತವ. ಮಾಡಿದ್ದಕ್ಕೆ ಬೆಲೆಯಿದೆ, ಕಳೆದ ಕಾಲ ಮರಳದು ಎಂಬುದು ಅದರ ತರ್ಕ. ಮೊದಲನೆಯದು ಹೆಚ್ಚಿದಷ್ಟೂ ಆಟ ಲೆಕ್ಕದ ಪುಸ್ತಕವಾಗುವ ಅಪಾಯವಿದೆ. ಎರಡನೆಯದು ಹೆಚ್ಚಿದಷ್ಟೂ ಕಥನಕ್ಕೆ ಭಾರ ಬರುತ್ತದೆ. ಗಾಯದ ಲೆಕ್ಕವನ್ನು ಎರಡು ಕಡೆಗೂ ಎಳೆಯಬಹುದು. ಮುರಿದ ತೋಳಿನಿಂದ ಪಾತ್ರದ ಮುಂದಿನ ಆಯ್ಕೆ ಬದಲಾಗುವುದಾದರೆ ಅದು ಪರಿಣಾಮ. ಕೋಷ್ಟಕವೊಂದು ತುಂಬುವುದಷ್ಟೇ ಆದರೆ ಅದು ಹೋಲಿಕೆ. 'ಡ್ರ್ಯಾಗನ್ ಇರುವ ಲೋಕದಲ್ಲಿ ವಾಸ್ತವದ ಮಾತೇಕೆ?' ಎಂದು ಕೇಳುವವರು ಹೋಲಿಕೆಯನ್ನು ತಿರಸ್ಕರಿಸುವ ಭರದಲ್ಲಿ ಪರಿಣಾಮವನ್ನೂ ತಿರಸ್ಕರಿಸುತ್ತಾರೆ. ಡ್ರ್ಯಾಗನ್ ಬೆಂಕಿ ಉಗುಳುವುದನ್ನು ಒಪ್ಪಿದ ಆಟಗಾರ, ಆ ಬೆಂಕಿ ತಗಲಿದ ಹುಲ್ಲಿನ ಬಣವೆ ಉರಿಯದೆ ನಿಂತರೆ ಒಪ್ಪುವುದಿಲ್ಲ. ಅದ್ಭುತವನ್ನು ಒಪ್ಪಿದ್ದರಿಂದಲೇ ಅದರ ಪರಿಣಾಮವನ್ನು ಕೇಳುವ ಹಕ್ಕು ಅವನಿಗೆ ಬಂದಿದೆ.

ಸಂಭಾವನೆ ಮತ್ತು ಪ್ರಖ್ಯಾತಿ

ಈ ವಿವೇಚನೆ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ನಾಟ್ಯಶಾಸ್ತ್ರವು ಲೋಕಧರ್ಮಿ, ನಾಟ್ಯಧರ್ಮಿಗಳೆಂಬ ಎರಡು ಕ್ರಮಗಳನ್ನು ಹೇಳುವಾಗ ಲೋಕದಂತೆ ತೋರುವುದೇ ನಿಜ, ಉಳಿದದ್ದು ಸುಳ್ಳು ಎಂಬ ನಿರ್ಣಯ ಕೊಡುವುದಿಲ್ಲ. ರಂಗದ ಮೇಲೆ ಹತ್ತಿರದಲ್ಲೇ ಆಡಿದ ಮಾತು ಇನ್ನೊಂದು ಪಾತ್ರಕ್ಕೆ ಕೇಳಿಸದಿರುವುದು ಲೋಕದ ದೃಷ್ಟಿಯಿಂದ ಅಸಂಬದ್ಧ, ನಾಟ್ಯದ ದೃಷ್ಟಿಯಿಂದ ಕ್ರಮಬದ್ಧ. ಕ್ರಮಬದ್ಧತೆಯೇ ಇಲ್ಲಿ ಪ್ರಮಾಣ.

ಅಭಿನವಗುಪ್ತನ ವಿವೇಚನೆ ಇನ್ನೂ ಸೂಕ್ಷ್ಮವಾದುದು. ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಹೇಳುವಾಗ ಅವನು ಮೊದಲು ಎಣಿಸುವುದು ಸಂಭಾವನಾವಿರಹವನ್ನು, ಅಂದರೆ 'ಇದು ಆಗಬಹುದು' ಎಂಬ ಪ್ರತೀತಿಯೇ ಹುಟ್ಟದಿರುವುದನ್ನು. ನಡೆದದ್ದು ಸಂಭವನೀಯವೆಂದು ಮನಸ್ಸು ಒಪ್ಪದಿದ್ದರೆ ಅದರಲ್ಲಿ ನೆಲೆಗೊಳ್ಳುವುದೇ ಸಾಧ್ಯವಿಲ್ಲ; ನೆಲೆಗೊಳ್ಳದ ಮೇಲೆ ರಸದ ಮಾತೆಲ್ಲಿ? ಇದಕ್ಕೆ ಅವನು ಸೂಚಿಸುವ ಪರಿಹಾರವೂ ಕುತೂಹಲಕರ. ಲೋಕಸಾಮಾನ್ಯವಾದ ವಸ್ತುವಾದರೆ ಸಹೃದಯನ ಹೃದಯಸಂವಾದವೇ ಸಾಕು. ಲೋಕೋತ್ತರ ಕಾರ್ಯಗಳಾದರೆ ರಾಮನೇ ಮೊದಲಾದ ಪ್ರಖ್ಯಾತರ ಹೆಸರು ಬೇಕು. ಬಹುಕಾಲದ ಪ್ರಸಿದ್ಧಿಯಿಂದ ಬೇರೂರಿದ ನಂಬಿಕೆಯೇ ಅಲ್ಲಿ ಸಂಭಾವ್ಯತೆಯನ್ನು ಒದಗಿಸುತ್ತದೆ. ಸಮುದ್ರಲಂಘನವನ್ನು ಹನುಮಂತ ಮಾಡಿದರೆ ನಂಬುತ್ತೇವೆ, ದಾರಿಹೋಕನೊಬ್ಬ ಮಾಡಿದರೆ ನಂಬುವುದಿಲ್ಲ.

ಪಾತ್ರಧಾರಣೆಯ ಆಟದ ಸಮಸ್ಯೆ ಇಲ್ಲಿ ನಿಚ್ಚಳವಾಗುತ್ತದೆ. ಮೇಜಿನ ಸುತ್ತ ಕುಳಿತವರ ಪಾತ್ರಗಳಿಗೆ ಪ್ರಖ್ಯಾತಿಯಿಲ್ಲ. ಅರ್ಧ ಗಂಟೆಯ ಹಿಂದೆ ಕಾಗದದ ಮೇಲೆ ಹುಟ್ಟಿದ ಯೋಧನ ಬೆನ್ನಿಗೆ ಪುರಾಣವಿಲ್ಲ, ಕಾವ್ಯವಿಲ್ಲ, ಅಜ್ಜಿಯ ಕತೆಯಿಲ್ಲ. ಪರಂಪರೆಯಿಂದ ಸಾಲವಾಗಿ ಸಿಗುವ ನಂಬಿಕೆ ಅವನಿಗೆ ದೊರೆಯುವುದಿಲ್ಲ. ಆದ್ದರಿಂದ ಪ್ರಖ್ಯಾತಿ ಮಾಡಬೇಕಾದ ಕೆಲಸವನ್ನು ಅಲ್ಲಿ ನಿಯಮವೂ ಪರಿಣಾಮವೂ ಮಾಡಬೇಕು. ಗಾಯ, ಹಸಿವು, ದಾರಿಯ ದೂರ, ಕಳೆದುಕೊಂಡ ಗೆಳೆಯ ಇವುಗಳ ಲೆಕ್ಕವನ್ನು ಆಟ ಮರೆಯದೆ ಇಟ್ಟುಕೊಂಡಾಗ ಮಾತ್ರ ಆ ಅನಾಮಿಕ ಯೋಧ ನಂಬಿಕೆಗೆ ಪಾತ್ರನಾಗುತ್ತಾನೆ. ಈ ಆಟಗಳಲ್ಲಿ ವಾಸ್ತವದ ಪಾತ್ರವೆಂದರೆ ಇದು. ಪ್ರಖ್ಯಾತಿ ಇಲ್ಲದೆಡೆ ಸಂಭಾವ್ಯತೆಯನ್ನು ಗಳಿಸಿಕೊಡುವ ಸಾಧನ ಅದು, ಹೊರಲೋಕದ ಪ್ರತಿಬಿಂಬವಲ್ಲ.

ಪ್ರಖ್ಯಾತಿ ಇದ್ದಲ್ಲಿಯೂ ಅದರಿಂದ ತೃಪ್ತರಾಗದವರು ಕನ್ನಡದಲ್ಲಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ವಿಮಲಸೂರಿಯ 'ಪಉಮಚರಿಯ'ದಿಂದ ಹೊರಟ ಜೈನ ರಾಮಾಯಣ ಪರಂಪರೆ ಆರಂಭವಾಗುವುದೇ ಸಂದೇಹದಿಂದ: ಕಪಿಗಳು ರಾಕ್ಷಸರನ್ನು ಗೆದ್ದದ್ದು ಹೇಗೆ, ಕುಂಭಕರ್ಣ ಆರು ತಿಂಗಳು ಮಲಗಿದ್ದು ಹೇಗೆ? ಆ ಪರಂಪರೆಯಲ್ಲಿ ಬರುವ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದಲ್ಲಿ ವಾನರರು ಕಪಿಧ್ವಜದ ವಂಶದವರಾಗುತ್ತಾರೆ, ರಾಕ್ಷಸರು ವಿದ್ಯಾಧರರಾಗುತ್ತಾರೆ. ಆದರೆ ಅದ್ಭುತ ಅಲ್ಲಿ ಅಳಿಯುವುದಿಲ್ಲ. ವಿದ್ಯಾಧರರು ಆಕಾಶದಲ್ಲಿ ಸಂಚರಿಸುತ್ತಾರೆ. ಹಾಗೆ ಸಂಚರಿಸಲು ವಿದ್ಯೆಯೆಂಬ ಕಾರಣವಿದೆ, ಆ ವಿದ್ಯೆಗೆ ಸಾಧನೆಯೆಂಬ ಬೆಲೆಯಿದೆ. ಅದ್ಭುತವನ್ನು ಉಳಿಸಿಕೊಂಡೇ ಅದಕ್ಕೆ ಕಾರ್ಯಕಾರಣವನ್ನು ಕೇಳುವ ಈ ಮನೋಧರ್ಮವನ್ನು ಪಾತ್ರಧಾರಣೆಯ ಆಟದ ನಿಯಮಕರ್ತನು ಸುಲಭವಾಗಿ ಗುರುತಿಸಬಲ್ಲನು.

ಸಾರಥಿಯ ಪ್ರಶ್ನೆ

ಪ್ರಖ್ಯಾತಿ ಧಾರಾಳವಾಗಿರುವ ಆಟಕ್ಕೆ ನೀಲಗುಂದದ ಸೀಮೆಯ ದೊಡ್ಡಾಟವೇ ನಿದರ್ಶನ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆಗಳ ಭಾರ ಹೊತ್ತು ಪಾತ್ರ ಅಟ್ಟದ ಮೇಲೆ ಬರುತ್ತದೆ. ಕರ್ಣನೋ ಬಾಣಾಸುರನೋ ಐರಾವಣನೋ ಎಂಬುದು ಕೂತವರಿಗೆಲ್ಲ ಗೊತ್ತು. ಆಟದ ಹೆಸರನ್ನು ಮೊದಲೇ ಸಾರಲಾಗಿದೆ, ಕತೆ ಹಲವು ಸಲ ಕೇಳಿದ್ದು. ಆದರೂ ಸಾರಥಿ ಎದುರು ನಿಂತು ಕೇಳುತ್ತಾನೆ: ತಾವು ಯಾರು, ಯಾವ ಪಟ್ಟಣದವರು, ಈ ಸಭೆಗೆ ಬಂದ ಕಾರಣವೇನು? ಪಾತ್ರವು ಬಿರುದಾವಳಿಯೊಂದಿಗೆ ತನ್ನನ್ನು ಹೇಳಿಕೊಳ್ಳಬೇಕು. ಹೇಳಿಕೊಳ್ಳದೆ ಆಟ ಮುಂದುವರಿಯದು.

ವಿದ್ವಾಂಸರು ಇದನ್ನು ಪಾತ್ರಪರಿಚಯದ ತಂತ್ರವೆಂದು, ಸಂಸ್ಕೃತ ನಾಟಕದ ಸೂತ್ರಧಾರ ಪರಂಪರೆಯ ಅವಶೇಷವೆಂದು ವಿವರಿಸುವುದುಂಟು. ಅದು ಸರಿಯಾದರೂ ಸಾಲದು. ಎಲ್ಲರಿಗೂ ಗೊತ್ತಿರುವವನನ್ನು 'ನೀನು ಯಾರು' ಎಂದು ಕೇಳುವುದರಲ್ಲಿ ಒಂದು ನಿಲುವಿದೆ. ಪ್ರಖ್ಯಾತಿ ಪುರಾಣದಲ್ಲಿ ಸಾಕು. ಈ ಊರಿನ ಈ ಅಟ್ಟದ ಮೇಲೆ, ಈ ರಾತ್ರಿ, ಪಾತ್ರ ಮತ್ತೊಮ್ಮೆ ತನ್ನ ಇರವನ್ನು ಸ್ಥಾಪಿಸಿಕೊಳ್ಳಬೇಕು. ಪಾತ್ರದ ಮಾತು ಗ್ರಾಂಥಿಕ ಗತ್ತಿನದು, ಸಾರಥಿಯದು ಊರ ಆಡುಮಾತಿಗೆ ಹತ್ತಿರವಾದುದು. ಒಂದು ಮಾತಿನಲ್ಲಿ ಅದ್ಭುತ, ಮರುಮಾತಿನಲ್ಲಿ ಬದುಕು. ಸಾರಥಿ ರಾಜನನ್ನು ಹೊಗಳುತ್ತಲೇ ಅವನ ಜಂಬವನ್ನು ಮೆಲ್ಲಗೆ ಕೆಣಕಬಲ್ಲ. ಹಾಗೆ ಕೆಣಕಿದಾಗ ಸಭೆ ನಗುತ್ತದೆ, ನಕ್ಕ ಮೇಲೆ ರಾಜನನ್ನು ಇನ್ನಷ್ಟು ನಂಬುತ್ತದೆ. ಅಟ್ಟವನ್ನು ಒಂದು ಸುತ್ತು ಬಂದರೆ ಪಾತ್ರ ಒಂದು ಪಟ್ಟಣದಿಂದ ಇನ್ನೊಂದು ಪಟ್ಟಣಕ್ಕೆ ಹೋದಂತೆ. ಇಲ್ಲಿ ಹೋಲಿಕೆಯ ವಾಸ್ತವ ಏನೂ ಇಲ್ಲ. ಆದರೆ ಸುತ್ತು ಬರದೆ ಪಟ್ಟಣ ಬದಲಾದರೆ ಅದು ತಪ್ಪಾಗಿ ಕಾಣುತ್ತದೆ. ಕ್ರಮ ಅಷ್ಟು ಗಟ್ಟಿ.

ಮೇಜಿನ ಆಟದ ನಿರ್ವಾಹಕನನ್ನು ಈ ಸಾರಥಿಯ ಪಕ್ಕದಲ್ಲಿ ನಿಲ್ಲಿಸಿದರೆ ಸಾಮ್ಯ ಮತ್ತು ವ್ಯತ್ಯಾಸಗಳೆರಡೂ ತಿಳಿಯುತ್ತವೆ. ಇಬ್ಬರೂ ಪ್ರಶ್ನೆ ಕೇಳುವವರು. ಅದ್ಭುತ ಮತ್ತು ಸಭೆಯ ನಡುವೆ ನಿಂತವರು. ಸಾರಥಿ 'ನೀನು ಯಾರು' ಎಂದು ಕೇಳುತ್ತಾನೆ, ನಿರ್ವಾಹಕ 'ನೀನು ಏನು ಮಾಡುವೆ' ಎಂದು ಕೇಳುತ್ತಾನೆ. ಮೊದಲ ಪ್ರಶ್ನೆಗೆ ಉತ್ತರ ಪರಂಪರೆಯಲ್ಲಿದೆ, ಎರಡನೆಯದಕ್ಕೆ ಇನ್ನೂ ಹುಟ್ಟಬೇಕಾಗಿದೆ. ಕರ್ಣ ಎಷ್ಟು ಚೆನ್ನಾಗಿ ಮಾತನಾಡಿದರೂ ಬೆಳಗಿನ ಹೊತ್ತಿಗೆ ಸಾಯಲೇಬೇಕು. ಮೇಜಿನ ಆಟದ ಯೋಧ ಸಾಯಬಹುದು, ಸಾಯದಿರಬಹುದು. ಹಾಗಾಗಿಯೇ ಅವನ ಸಾವಿಗೆ ನ್ಯಾಯವಾದ ಕಾರಣ ಬೇಕು. ವಿಧಿ ನಿಶ್ಚಿತವಿದ್ದಲ್ಲಿ ವಾಸ್ತವ ಭಾಷೆಯಲ್ಲಿ, ಹಾಸ್ಯದಲ್ಲಿ ನೆಲೆಸುತ್ತದೆ. ವಿಧಿ ಅನಿಶ್ಚಿತವಿದ್ದಲ್ಲಿ ಅದು ನಿಯಮದಲ್ಲಿ ನೆಲೆಸಬೇಕಾಗುತ್ತದೆ.

ನಿಯಮದಲ್ಲಿ ನೆಲೆಸಿದ ವಾಸ್ತವಕ್ಕೆ ನಮ್ಮ ಕಟ್ಟೆಗಳ ಮೇಲೆ ಆಡುವ ಹುಲಿ-ಕುರಿ ಆಟಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಪ್ರಚಲಿತವಾದ ಒಂದು ಬಗೆಯಲ್ಲಿ 3 ಹುಲಿಗಳು, 15 ಕುರಿಗಳು. ಹುಲಿಯೆಂದರೆ ದೊಡ್ಡ ಹರಳು, ಕುರಿಯೆಂದರೆ ಚಿಕ್ಕ ಹರಳು. ಹುಲಿ ಕುರಿಯನ್ನು ಹಾರಿ ಕೊಲ್ಲಬಲ್ಲದು, ಕುರಿ ಹುಲಿಯನ್ನು ಕೊಲ್ಲಲಾರದು. ಆದರೆ ಕುರಿಗಳೆಲ್ಲ ಒತ್ತಾಗಿ ನಿಂತರೆ ಹುಲಿಗೆ ಹೆಜ್ಜೆ ಇಡಲು ಜಾಗವಿರುವುದಿಲ್ಲ. ಹರಳಿಗೆ ಪಟ್ಟೆಯಿಲ್ಲ, ಗರ್ಜನೆಯಿಲ್ಲ. ಬಲಿಷ್ಠ ಮತ್ತು ದುರ್ಬಲರ ಸಂಬಂಧ ಮಾತ್ರ ನೂರಕ್ಕೆ ನೂರು ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯು ಕೌತುಕನಿಧಿಯೆಂಬ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟದ್ದನ್ನು ನೆನೆದರೆ, ಆಟವನ್ನು ಜ್ಞಾನದ ನಿಧಿಗಳಲ್ಲೊಂದಾಗಿ ಎಣಿಸುವ ದೃಷ್ಟಿ ಕನ್ನಡ ನಾಡಿಗೆ ಅಪರಿಚಿತವಲ್ಲವೆಂಬುದು ಸ್ಪಷ್ಟ.

ಆಧುನಿಕ ಕನ್ನಡ ರಂಗಭೂಮಿಯೂ ಈ ಗುಟ್ಟನ್ನು ಅರಿತಿದೆ. ಗಿರೀಶ ಕಾರ್ನಾಡರ 'ಹಯವದನ'ದಲ್ಲಿ ತಲೆಗಳು ಅದಲುಬದಲಾಗುತ್ತವೆ. ಅದ್ಭುತ ಅಷ್ಟೇ. ಆ ಬಳಿಕ ನಡೆಯುವುದೆಲ್ಲ ಪರಿಣಾಮ. ಪದ್ಮಿನಿ ಯಾರ ಹೆಂಡತಿ, ದೇಹಕ್ಕೆ ನೆನಪಿದೆಯೇ, ಹೊಸ ದೇಹ ಹಳೆಯ ತಲೆಗೆ ಒಗ್ಗಿ ಬದಲಾಗುವುದೇ? ಪ್ರೇಕ್ಷಕನು ದೇವಿಯ ವರವನ್ನು ಚಕಾರವಿಲ್ಲದೆ ಒಪ್ಪುತ್ತಾನೆ. ಅನಂತರದ ಹೆಜ್ಜೆಗಳಲ್ಲಿ ಒಂದು ಸಡಿಲವಾದರೂ ಒಪ್ಪುತ್ತಿರಲಿಲ್ಲ.

ನೆಪವಾಗುವ ವಾಸ್ತವ

ಇಷ್ಟನ್ನು ಒಪ್ಪಿದ ಮೇಲೂ ಒಂದು ಕಷ್ಟದ ಪ್ರಶ್ನೆ ಉಳಿಯುತ್ತದೆ. ಯಾವುದರ ಪರಿಣಾಮವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಯಾರ ಮೇಲಿನ ಮಿತಿಯನ್ನು 'ಸಹಜ'ವೆಂದು ಹೇಳುತ್ತದೆ ಎಂಬುದು ಮುಗ್ಧ ಆಯ್ಕೆಯಲ್ಲ. 'ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನ 1978ರ ಆಟಗಾರರ ಕೈಪಿಡಿಯಲ್ಲಿ ಸ್ತ್ರೀ ಪಾತ್ರಗಳ ದೈಹಿಕ ಬಲಕ್ಕೆ ಪುರುಷ ಪಾತ್ರಗಳಿಗಿಂತ ಕಡಿಮೆಯ ಮಿತಿಯನ್ನು ವಿಧಿಸಲಾಗಿತ್ತು. ಮಂತ್ರದಿಂದ ಬೆಂಕಿಯ ಚೆಂಡು ಹುಟ್ಟುವ ಲೋಕದಲ್ಲಿ ಹೆಣ್ಣಿನ ತೋಳಿಗೆ ಮಾತ್ರ 'ವಾಸ್ತವ'ದ ಕಡಿವಾಣ! 1989ರ ಎರಡನೆಯ ಆವೃತ್ತಿಯಲ್ಲಿ ಈ ನಿಯಮ ಇಲ್ಲವಾಯಿತು. ಅದರಿಂದ ಆಟದ ಸಂಭಾವ್ಯತೆಗೆ ಎಳ್ಳಷ್ಟೂ ಕುಂದು ಬರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದದ್ದು ಪರಿಣಾಮದ ವಾಸ್ತವವಲ್ಲ, ಹೋಲಿಕೆಯ ವಾಸ್ತವದ ವೇಷ ತೊಟ್ಟ ಪೂರ್ವಗ್ರಹ ಎಂಬುದಕ್ಕೆ ಇಷ್ಟು ಪುರಾವೆ ಸಾಕು.

ಈ ಉದಾಹರಣೆ ದೂರದ ದೇಶದ್ದೆಂದು ಸಮಾಧಾನ ಪಡುವಂತಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಈ ಆಟಗಳನ್ನು ಯುವಜನರು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಆಡುತ್ತಾರೆ; ಅವರು ಸಂಚರಿಸುವ ಲೋಕ ಯುರೋಪಿನ ಮಧ್ಯಯುಗದ ನೆರಳು. ನಾಳೆ ಇದೇ ಆಟ ಕನ್ನಡಕ್ಕೆ ಬಂದಾಗ ಸಹಜವಾಗಿಯೇ ವಿಜಯನಗರ, ಪಾಳೆಯಗಾರರ ಕೋಟೆ, ಸಂತೆ, ಜಾತ್ರೆಗಳ ಲೋಕವನ್ನು ಕಟ್ಟಿಕೊಳ್ಳುತ್ತದೆ. ಹರಪನಹಳ್ಳಿಯ ಪಾಳೆಯಪಟ್ಟನ್ನೇ ಹಿನ್ನೆಲೆಯಾಗಿ ತೆಗೆದುಕೊಂಡ ಆಟವೊಂದನ್ನು ಊಹಿಸಿಕೊಳ್ಳಬಹುದು. ಆಗ ಪ್ರಶ್ನೆ ಏಳುತ್ತದೆ: ಮಾದಿಗರ ಕೇರಿಯ ಹುಡುಗನ ಪಾತ್ರ ವಹಿಸಿದವನು ಕೋಟೆಯ ಬಾಗಿಲು ದಾಟಬಹುದೇ? ದೇವರಿಗೆ ಬಿಟ್ಟ ಹೆಣ್ಣುಮಗಳ ಪಾತ್ರ ವಹಿಸಿದವಳು ಯುದ್ಧಕ್ಕೆ ಹೊರಡಬಹುದೇ? 'ಆ ಕಾಲದಲ್ಲಿ ಹಾಗಿರಲಿಲ್ಲ, ಆಟ ವಾಸ್ತವವಾಗಿರಬೇಕು' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ಈ ಉತ್ತರವನ್ನು ಒಪ್ಪುವುದೆಂದರೆ ಶ್ರೇಣೀಕರಣವನ್ನು ಗುರುತ್ವಾಕರ್ಷಣೆಯಂತೆ ನಿಸರ್ಗನಿಯಮವೆಂದು ಒಪ್ಪಿದಂತೆ. ಹಾಗೆಂದು ಜಾತಿಯೇ ಇರದ ಸುಂದರ ಪಾಳೆಯಪಟ್ಟನ್ನು ಕಲ್ಪಿಸುವುದೂ ಸುಲಭದ ದಾರಿ. ಅದು ಬಣವೆ ಉರಿಯದ ಬೆಂಕಿಯಂತೆ ಪರಿಣಾಮವಿಲ್ಲದ ಲೋಕ. ಮೂರನೆಯ ದಾರಿಯೊಂದಿದೆ. ಶ್ರೇಣಿ ಆಟದಲ್ಲಿರಲಿ, ಅದನ್ನು ಉಳಿಸಿಕೊಳ್ಳುವವನೂ ಮುರಿಯುವವನೂ ಬೆಲೆ ತೆರುವಂತಿರಲಿ. ಬಾಗಿಲು ದಾಟುವ ಹುಡುಗನಿಗೆ ಅಪಾಯವಿರಲಿ, ಬಾಗಿಲು ಮುಚ್ಚಿದ ದೊರೆಗೂ ಅದರ ಲೆಕ್ಕ ಬರಲಿ. ಹುಲಿ-ಕುರಿ ಆಟದಲ್ಲಿ ಕುರಿಗೆ ಹುಲಿಯ ಬಲವನ್ನು ಕೊಟ್ಟಿಲ್ಲ. ಹುಲಿಯನ್ನು ಕಟ್ಟಿಹಾಕುವ ದಾರಿಯನ್ನು ಮುಚ್ಚಿಯೂ ಇಲ್ಲ.

ಈ ಸೀಮೆಯ ಪ್ರದರ್ಶನ ಪರಂಪರೆ ಇಂಥ ದಾರಿಗಳನ್ನು ತೆರೆದೇ ಇಟ್ಟಿದೆ. ಗಂಡಸರು ಹೆಣ್ಣಿನ ಪಾತ್ರ ವಹಿಸುವ ದೊಡ್ಡಾಟದ ರೂಢಿ ಒಂದೆಡೆಯಿದ್ದರೆ, ಮರಿಯಮ್ಮನಹಳ್ಳಿಯಂಥ ಊರು ವೃತ್ತಿರಂಗದ ಕಲಾವಿದೆಯರಿಗೆ ನೆಲೆಯಾದದ್ದು ಇನ್ನೊಂದೆಡೆಯಿದೆ. ಅದೇ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ ಮಂಜಮ್ಮ ಜೋಗತಿಯವರು ಲಿಂಗದ ಗಡಿ ದಾಟಿದವರೆಂಬ ಕಾರಣಕ್ಕೆ ಬದುಕಿನಲ್ಲಿ ಅವಮಾನವುಂಡು, ಜೋಗತಿ ಕಲೆಯಲ್ಲಿ ಗುರುತು ಪಡೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಬದುಕನ್ನು ಐವತ್ತು ವರ್ಷಗಳ ಹಿಂದೆ ಯಾರಾದರೂ ಆಟದ ಪಾತ್ರವಾಗಿ ಊಹಿಸಿದ್ದರೆ 'ಇದು ವಾಸ್ತವವಲ್ಲ' ಎಂದೇ ನಿರ್ವಾಹಕರು ತಳ್ಳಿಹಾಕುತ್ತಿದ್ದರು. ವಾಸ್ತವದ ಹೆಸರಿನಲ್ಲಿ ನಡೆಯುವ ನಿರಾಕರಣೆಗಳು ಎಷ್ಟೋ ವೇಳೆ ವಾಸ್ತವದ ಅಜ್ಞಾನದಿಂದ ಹುಟ್ಟುತ್ತವೆ.

ಅಧ್ಯಯನದ ಮುಂದಿರುವ ಕೆಲಸ

ಈ ಚರ್ಚೆಯಿಂದ ಕನ್ನಡ ವಿಭಾಗಗಳಿಗೆ ಎರಡು ಹೊಣೆಗಳು ಬರುತ್ತವೆ. ಮೊದಲನೆಯದು ದಾಖಲೀಕರಣಕ್ಕೆ ಸಂಬಂಧಿಸಿದ್ದು. ದೊಡ್ಡಾಟದ ಪಠ್ಯಗಳನ್ನು ಸಂಪಾದಿಸಿ ಪ್ರಕಟಿಸುವ ಕೆಲಸ ಸಾಕಷ್ಟು ನಡೆದಿದೆ. ಆದರೆ ಸಂಪಾದಿತ ಪ್ರತಿಗಳಲ್ಲಿ ಹಾಡು ಮತ್ತು ಪಾತ್ರಗಳ ಮಾತಿಗೆ ಸಿಕ್ಕ ಸ್ಥಾನ ಸಾರಥಿಯ ಆಶುಮಾತಿಗೆ ಸಿಕ್ಕಿಲ್ಲ. ಅದು ರಾತ್ರಿಯಿಂದ ರಾತ್ರಿಗೆ, ಊರಿಂದ ಊರಿಗೆ ಬದಲಾಗುವುದರಿಂದ ಸಂಪಾದಕನಿಗೆ ಪ್ರಕ್ಷೇಪವೆಂದು ತೋರುತ್ತದೆ. ವಾಸ್ತವ ಇರುವುದು ಆ ಪ್ರಕ್ಷೇಪದಲ್ಲೇ. ಮಳೆ, ಬೆಲೆ, ಚುನಾವಣೆ, ಊರಿನ ಜಗಳ ಎಲ್ಲವೂ ಪುರಾಣದೊಳಗೆ ನುಸುಳುವುದು ಆ ಸಂದಿಯಿಂದ. ಅದನ್ನು ಬಿಟ್ಟು ಉಳಿಸಿಕೊಂಡ ಪಠ್ಯ ಪಾತ್ರವಿದ್ದೂ ಪ್ರಶ್ನೆಯಿಲ್ಲದ ಆಟ. ಹುಲಿ-ಕುರಿಯಂಥ ಆಟಗಳ ದಾಖಲೆಯಲ್ಲಿಯೂ ಮನೆಗಳ ಸಂಖ್ಯೆ, ಕಾಯಿಗಳ ಸಂಖ್ಯೆ ಸಿಗುತ್ತದೆ. ಆಡುವಾಗ ಎದ್ದ ತಕರಾರು, ಕಟ್ಟೆಯ ಮೇಲೆ ಕೂತ ಹಿರಿಯರು ಕೊಟ್ಟ ತೀರ್ಪು, ಸೋತವನಿಗೆ ಆಡಿದ ಮಾತು ಸಿಗುವುದಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಾಗಲಿ, 2011ರಲ್ಲಿ ಆರಂಭವಾದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಾಗಲಿ ಈ ಕೆಲಸಕ್ಕೆ ಬೇಕಾದ ಕ್ಷೇತ್ರದ ನಡುವೆಯೇ ಇವೆ. ಅಟ್ಟ ಕಟ್ಟುವ ಊರುಗಳು ಕಡಿಮೆಯಾಗುವ ಮುನ್ನ ಆಟವನ್ನು ಆಟವಾಗಿಯೇ, ಅದರ ಎಲ್ಲ ಆಶುಮಾತುಗಳೊಂದಿಗೆ ಧ್ವನಿಮುದ್ರಿಸಿ ಲಿಪ್ಯಂತರಿಸುವುದು ತುರ್ತಾಗಿ ಆಗಬೇಕಾದ ಕೆಲಸ.

ಎರಡನೆಯದು ಪರಿಭಾಷೆಗೆ ಸಂಬಂಧಿಸಿದ್ದು. ಪಾತ್ರಧಾರಣೆಯ ಆಟವನ್ನು ವಿದೇಶೀ ಮೋಜೆಂದು ಬದಿಗೆ ಸರಿಸುವುದು, ಇಲ್ಲವೇ ಪಾಶ್ಚಾತ್ಯ ಕ್ರೀಡಾಸಿದ್ಧಾಂತಗಳ ಪದಕೋಶವನ್ನು ಹಾಗೆಯೇ ಎರವಲು ತರುವುದು, ಇವೆರಡೂ ಸುಲಭ. ಸಂಭಾವನೆ, ಔಚಿತ್ಯ, ಲೋಕಧರ್ಮಿ, ನಾಟ್ಯಧರ್ಮಿ, ಪ್ರಖ್ಯಾತವಸ್ತು, ಉತ್ಪಾದ್ಯವಸ್ತು ಎಂಬ ಪರಿಕಲ್ಪನೆಗಳು ತರಗತಿಗಳಲ್ಲಿ ಪರೀಕ್ಷೆಗಾಗಿ ಉರುಹೊಡೆಯುವ ಪದಗಳಾಗಿಯೇ ಉಳಿಯಬೇಕಾಗಿಲ್ಲ. ಅವುಗಳನ್ನು ಇಂದಿನ ಆಟಗಳ ಮೇಲೆ ಪ್ರಯೋಗಿಸಿದಾಗ ಆಟವೂ ಅರ್ಥವಾಗುತ್ತದೆ, ಪದಕ್ಕೂ ಜೀವ ಬರುತ್ತದೆ. ಕನ್ನಡ ಎಂ.ಎ. ತರಗತಿಯಲ್ಲಿ ಅಭಿನವಗುಪ್ತನ ರಸವಿಘ್ನಗಳನ್ನು ಪಾಠ ಹೇಳುವ ಅಧ್ಯಾಪಕನೊಬ್ಬ ವಿದ್ಯಾರ್ಥಿಗಳನ್ನು ಮೇಜಿನ ಸುತ್ತ ಕೂರಿಸಿ, ಪ್ರಖ್ಯಾತಿಯಿಲ್ಲದ ಪಾತ್ರವೊಂದನ್ನು ನಂಬಿಸಲು ಏನೇನು ಬೇಕಾಗುತ್ತದೆಂದು ಆಡಿಸಿ ನೋಡಿದರೆ ಆ ಪಾಠ ಮರೆಯುವಂಥದ್ದಲ್ಲ.

ನೀಲಗುಂದದ ಭೀಮೇಶ್ವರ ಯಾವ ಭೀಮನ ಹೆಸರನ್ನು ಹೊತ್ತಿದ್ದಾನೆಂದು ಕೇಳಿದರೆ ಜನ ಪಾಂಡವರನ್ನು ನೆನೆಯುತ್ತಾರೆ. ಪ್ರಖ್ಯಾತಿಗೆ ಅಷ್ಟು ಬಲವಿದೆ. ಆದರೆ ಅದೇ ಸೀಮೆಯ ಅಟ್ಟದ ಮೇಲೆ ಭೀಮ ಕಾಣಿಸಿಕೊಂಡಾಗ ಸಾರಥಿ ಅವನನ್ನೂ ಬಿಡುವುದಿಲ್ಲ. ಯಾರಪ್ಪಾ ನೀನು, ಯಾಕೆ ಬಂದೆ ಎಂದು ಕೇಳಿಯೇ ಒಳಗೆ ಬಿಡುತ್ತಾನೆ. ಅದ್ಭುತದ ಆಟಕ್ಕೆ ಬೇಕಾದ ವಾಸ್ತವ ಆ ಪ್ರಶ್ನೆಯಷ್ಟೇ. ಅದನ್ನು ಕೇಳುವವರು ಇರುವವರೆಗೆ ಡ್ರ್ಯಾಗನ್ ಬಂದರೂ ರಕ್ಕಸ ಬಂದರೂ ಆಟ ನಂಬಿಕೆಗೆ ಅರ್ಹವಾಗಿ ಉಳಿಯುತ್ತದೆ.